ಎರಡು ಡಬ್ಬಿ, ಒಂದೇ ಅಳತೆ: ವಾಟರ್‌ಪ್ರೂಫಿಂಗ್ ರೆಸಿನ್ ಕಲಸುವ ಕ್ರಮ

ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿಯುತ್ತಿದ್ದಂತೆ ನಾಸಿಕ್, ಛತ್ರಪತಿ ಸಂಭಾಜಿನಗರಗಳಲ್ಲಿ ರಿಪೇರಿ ಕೆಲಸದ ಹಂಗಾಮು ಶುರು. ನಾಲ್ಕು ತಿಂಗಳು ಸೋರಿದ ಗಚ್ಚಿ, ಕೆಳಗಿನ ಮನೆಯವರ ಛಾವಣಿಗೆ ಕಲೆ ಹತ್ತಿಸಿದ ಬಾತ್‌ರೂಮು, ಹೊರಗೋಡೆಯಲ್ಲಿ ತೇವ ಕಾರುವ ನೀರಿನ ಟ್ಯಾಂಕು, ಯಾವುದನ್ನೇ ಹೇಳಿದರೂ ಹಾರ್ಡ್‌ವೇರ್ ಅಂಗಡಿಯವರು ಈಗ ಮುಂದಿಡುವುದು ಜೋಡಿ ಡಬ್ಬಿಯ ಸೆಟ್ಟು. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ಇಲ್ಲವೇ ಒಂದು ಕ್ಯಾನಿನಲ್ಲಿ ಹಾಲಿನಂಥ ದ್ರವ, ಜೊತೆಗೊಂದು ಪುಡಿಯ ಚೀಲ.

ಸಾತ್‌ಪುರ, ಅಂಬಡ್, ವಾಳೂಜ್‌ನ ಎಂಐಡಿಸಿ ಕೈಗಾರಿಕಾ ಪ್ರದೇಶಗಳಿಗೆ ದುಡಿಯಲು ಬಂದು ಅಲ್ಲೇ ಮನೆ ಮಾಡಿಕೊಂಡ ಕನ್ನಡಿಗರಿಗೂ, ಕಲಬುರಗಿ, ವಿಜಯಪುರ, ಬೀದರಿನ ಓದುಗರಿಗೂ ಈ ಲೇಖನ ಒಟ್ಟಿಗೇ ಅನ್ವಯಿಸುತ್ತದೆ. ಬಿಸಿಲು, ಸ್ಲ್ಯಾಬು, ಗೌಂಡಿ ಎಲ್ಲವೂ ಹೆಚ್ಚುಕಡಿಮೆ ಒಂದೇ ತರಹ. ಮಾಲು ಒಳ್ಳೆಯದಿದ್ದೂ ಕೆಲಸ ಕೆಡುವುದು ಹೆಚ್ಚಾಗಿ ಬಕೆಟ್ಟಿನಲ್ಲಿ, ಕಲಸುವ ಐದು ನಿಮಿಷದಲ್ಲಿ. ಆ ಐದು ನಿಮಿಷಕ್ಕೆ ಒಂದು ಸೂತ್ರ ಸಾಕು: ಹವೆ ಹೇಗೇ ಇರಲಿ, ಅಳತೆ ಬದಲಿಸಬೇಡಿ; ಕೆಲಸದ ಹೊತ್ತು ಬದಲಿಸಿ.

ಒಣಗುವುದಲ್ಲ, ಕೂಡಿಕೊಳ್ಳುವುದು

ಗೋಡೆಗೆ ಹಚ್ಚುವ ಡಿಸ್ಟೆಂಪರ್ ಒಣಗುತ್ತದೆ. ಅದರೊಳಗಿನ ನೀರು ಆರಿಹೋಗಿ ಉಳಿದದ್ದು ಗೋಡೆಗೆ ಅಂಟಿಕೊಳ್ಳುತ್ತದೆ. ಜೋಡಿ ಡಬ್ಬಿಯಲ್ಲಿ ಬರುವ ಎಪಾಕ್ಸಿ ಹಾಗಲ್ಲ. ಅದರಲ್ಲಿ ಆರಿಹೋಗಬೇಕಾದದ್ದು ಏನೂ ಇಲ್ಲದಿರಬಹುದು. ರೆಸಿನ್‌ನ ಅಣುಗಳ ತುದಿಯಲ್ಲಿ ಎಪಾಕ್ಸೈಡ್ ಎಂಬ ಚಿಕ್ಕ ಉಂಗುರಗಳಿರುತ್ತವೆ, ಹಾರ್ಡನರ್‌ನಲ್ಲಿ ಅಮೈನ್ ಎಂಬ ಸಂಯುಕ್ತಗಳಿರುತ್ತವೆ. ಅಮೈನ್‌ನ ಒಂದೊಂದು ಹೈಡ್ರೋಜನ್ನಿಗೆ ಒಂದೊಂದು ಉಂಗುರ ಬಿಚ್ಚಿಕೊಂಡು ಅಮೈನ್ ಅದಕ್ಕೆ ಗಂಟು ಬೀಳುತ್ತದೆ. ಹೀಗೆ ಲೆಕ್ಕವಿಲ್ಲದಷ್ಟು ಗಂಟು ಬಿದ್ದಾಗ ದ್ರವ ಹೋಗಿ ಗಟ್ಟಿ ಬಲೆಯಾಗುತ್ತದೆ.

ಇದು ಜೋಡಿಯ ಲೆಕ್ಕವಾದ್ದರಿಂದ ಒಂದು ಕಡೆ ಹೆಚ್ಚಾದರೆ ಅದಕ್ಕೆ ಜೊತೆ ಸಿಗುವುದಿಲ್ಲ. ಹಾರ್ಡನರ್ ಹೆಚ್ಚಾದರೆ ಮಿಕ್ಕ ಅಮೈನ್ ಒಳಗೇ ಉಳಿದು ಮೇಲ್ಮೈ ಅಂಟಂಟಾಗುತ್ತದೆ, ನೀರು ತಾಗಿದಾಗ ಬೆಳ್ಳಗಾಗುತ್ತದೆ. ರೆಸಿನ್ ಹೆಚ್ಚಾದರೆ ಪದರ ಮೆತ್ತಗೇ ಉಳಿದು ಉಗುರಿಗೆ ಸಿಗುತ್ತದೆ. ಎರಡರಲ್ಲಿ ಯಾವುದಾದರೂ ನೀರು ತಡೆಯುವ ಕೆಲಸಕ್ಕೆ ಬಾರದು.

ಸೈಟಿನಲ್ಲಿ ಆಗಾಗ ಕಿವಿಗೆ ಬೀಳುವ ಮಾತೊಂದಿದೆ: ‘ಥಂಡಿ ಭಾಳ ಅದ ರೀ ಸಾಹೇಬ್ರ, ಹಾರ್ಡನರ್ ಒಂದೀಟು ಜಾಸ್ತಿ ಹಾಕೂಣು, ಲಗೂ ಸೆಟ್ ಆಗ್ತದ.’ ಗೌಂಡಿ ಇದನ್ನು ಸುಮ್ಮನೆ ಹೇಳುವುದಿಲ್ಲ. ಅವನು ಎಫ್‌ಆರ್‌ಪಿ (ಗಾಜುನಾರಿನ ಪ್ಲಾಸ್ಟಿಕ್) ಕೆಲಸ ಮಾಡಿ ಬಂದವನಾಗಿರುತ್ತಾನೆ. ಗಾಜುನಾರಿನ ಹಾಳೆಗೆ ಹಚ್ಚುವ ಪಾಲಿಯೆಸ್ಟರ್ ರೆಸಿನ್‌ಗೆ ಬೀಳುವುದು ಹಾರ್ಡನರ್ ಅಲ್ಲ, ಕೆಟಲಿಸ್ಟ್. ನೂರಕ್ಕೆ ಒಂದೆರಡು ಭಾಗ ಹಾಕುವ ಆ ದ್ರವ ಕ್ರಿಯೆಗೆ ಚಾಲನೆ ಕೊಡುತ್ತದೆಯೇ ಹೊರತು ಬಲೆಯ ಅರ್ಧಪಾಲು ತಾನಾಗುವುದಿಲ್ಲ. ಆದ್ದರಿಂದ ಅಲ್ಲಿ ತಯಾರಕರು ಹೇಳಿದ ಮಿತಿಯೊಳಗೆ ಚಳಿಗೆ ಸ್ವಲ್ಪ ಹೆಚ್ಚು, ಬಿಸಿಲಿಗೆ ಸ್ವಲ್ಪ ಕಡಿಮೆ ಮಾಡಬಹುದು. ಅದೇ ರೂಢಿಯನ್ನು ಎಪಾಕ್ಸಿಗೆ, ಅಥವಾ ಅದರಂತೆಯೇ ಜೋಡಿಯ ಲೆಕ್ಕದ ಪಾಲಿಯುರೆಥೇನ್‌ಗೆ ತಂದರೆ ಕೆಲಸ ಹಾಳು. ಗೌಂಡಿಗೆ ‘ನೀನು ಹೇಳುವುದು ಎಫ್‌ಆರ್‌ಪಿಗೆ ಸರಿ, ಇದು ಬೇರೆ ಮಾಲು’ ಎಂದು ಮೊದಲೇ ತಿಳಿಸಿದರೆ ಒಪ್ಪುತ್ತಾನೆ.

ಎಫ್‌ಆರ್‌ಪಿ ಕೆಲಸದವರಿಗೇ ಒಂದು ಎಚ್ಚರಿಕೆ: ಕ್ರಿಯೆಯ ವೇಗ ಹೆಚ್ಚಿಸುವ ಕೋಬಾಲ್ಟ್ ಆಕ್ಸಲರೇಟರನ್ನೂ ಕೆಟಲಿಸ್ಟನ್ನೂ ಎಂದೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಕಲಸಿ, ಪೂರ್ತಿ ಬೆರೆತ ಮೇಲಷ್ಟೇ ಕೆಟಲಿಸ್ಟ್ ಹಾಕಬೇಕು.

ಯಾವ ಜಾಗಕ್ಕೆ ಯಾವ ಜೋಡಿ

ಬಾತ್‌ರೂಮು, ಸಂಡಾಸು, ಬಾಲ್ಕನಿಗೆ ಟೈಲ್ಸ್ ಕೆಳಗೆ ಹಚ್ಚಲು ಪುಡಿ-ದ್ರವದ ಜೋಡಿ ಸಾಕು. ಇದು ಅಕ್ರಿಲಿಕ್ ಪಾಲಿಮರ್ ಬೆರೆತ ಸಿಮೆಂಟ್ ಕೋಟಿಂಗು. ತೇವದ ಮೇಲೂ ಹಿಡಿಯುತ್ತದೆ, ಬೆಲೆಯೂ ಕಡಿಮೆ.

ಬಿಸಿಲಿಗೆ ತೆರೆದುಕೊಂಡ ಗಚ್ಚಿಗೆ ಹಿಗ್ಗಿ ಕುಗ್ಗುವ ಪದರ ಬೇಕು. ಪಾಲಿಯುರೆಥೇನ್ ಅಥವಾ ಹಿಗ್ಗುವ ಗುಣದ ಸಿಮೆಂಟ್-ಪಾಲಿಮರ್ ಕೋಟಿಂಗು ಇಲ್ಲಿಗೆ ಸರಿ. ಎಪಾಕ್ಸಿಯೊಂದನ್ನೇ ಬಿಸಿಲಿಗೆ ಬಿಟ್ಟರೆ ಹಳದಿಯಾಗಿ ಮೇಲ್ಮೈ ಸುಣ್ಣದ ಪುಡಿಯಂತೆ ಉದುರತೊಡಗುತ್ತದೆ. ಮರಾಠವಾಡದ ಬಿಸಿಲಿಗೆ ಅದು ತಡೆಯುವುದಿಲ್ಲ. ಎಪಾಕ್ಸಿ ಪ್ರೈಮರ್ ಹಾಕಿದ್ದರೂ ಮೇಲೊಂದು ಬಿಸಿಲು ತಾಳುವ ಪದರ ಬೇಕೇ ಬೇಕು. ಹಳೆಯ ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರಿನ ಗಾರೆ ಪದರ) ಇರುವ ಗಚ್ಚಿಯಾದರೆ ಬಿರುಕು ಬಿಟ್ಟ ಕೋಬಾವನ್ನು ಮೊದಲು ಸರಿಮಾಡಿಸಿ. ಅದರೊಳಗೆ ನೀರು ನಿಂತಿರುವಾಗ ಮೇಲೆ ಪದರ ಹಚ್ಚಿದರೆ ಬಿಸಿಲಿಗೆ ಆವಿ ಎದ್ದು ಗುಳ್ಳೆ ಬರುತ್ತದೆ.

ಕುಡಿಯುವ ನೀರಿನ ಟ್ಯಾಂಕಿನ ಒಳಮೈಗೆ ಫುಡ್‌ಗ್ರೇಡ್ ಎಪಾಕ್ಸಿ. ಡಬ್ಬಿಯ ಮೇಲೆ ಹಾಗೆ ಬರೆದಿದ್ದರೆ ಸಾಲದು, ಪರೀಕ್ಷೆಯ ವರದಿ ಕೇಳಿ. ಮೈಸೂರಿನ ಸಿಎಫ್‌ಟಿಆರ್‌ಐನಂಥ ಸಂಸ್ಥೆಯ ವರದಿಯಿರುವ ಮಾಲು ಮಾರುಕಟ್ಟೆಯಲ್ಲಿ ಸಿಗುತ್ತದೆ.

ಬಿರುಕಿಗೆ ಇಂಜೆಕ್ಷನ್. ಬಿರುಕು ಒಣಗಿದ್ದು ಅಲುಗಾಡದೆ ನಿಂತಿದ್ದರೆ ತುಂಬಾ ತೆಳುವಾದ ಎಪಾಕ್ಸಿಯನ್ನು ಒತ್ತಡದಿಂದ ಒಳಗೆ ಕಳಿಸುತ್ತಾರೆ. ಅದು ಕಾಂಕ್ರೀಟಿನ ಎರಡು ಮುಖಗಳನ್ನು ಬೆಸೆಯುತ್ತದೆ. ನೀರು ಜಿನುಗುತ್ತಲೇ ಇದ್ದರೆ ಪಾಲಿಯುರೆಥೇನ್. ನೀರು ತಾಗಿದೊಡನೆ ಅದು ನೊರೆಯಾಗಿ ಉಬ್ಬಿ ದಾರಿ ಮುಚ್ಚುತ್ತದೆ.

ಎಪಾಕ್ಸಿ ಇಂಜೆಕ್ಷನ್ನಿನ ದೊಡ್ಡ ಉದಾಹರಣೆ ಮಹಾರಾಷ್ಟ್ರದಲ್ಲೇ ಇದೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಸಾತಾರಾ ಜಿಲ್ಲೆಯ ಕೊಯ್ನಾದಲ್ಲಿ ಭೂಕಂಪವಾದಾಗ, 103 ಮೀಟರ್ ಎತ್ತರದ ಅಣೆಕಟ್ಟೆಯ ಮೇಲುಭಾಗದಲ್ಲಿ ಎರಡೂ ಮುಖಗಳ ಮೇಲೆ ಅಡ್ಡ ಬಿರುಕುಗಳು ಕಾಣಿಸಿದವು. ಕಟ್ಟೆ ನಿಂತಿತು. ಬಿರುಕುಗಳಿಗೆ ಎಪಾಕ್ಸಿ ರೆಸಿನ್ ತುಂಬಿದರು. ಆಮೇಲೆ ಎತ್ತರದ ಭಾಗಗಳಿಗೆ ಹಿಂದಿನಿಂದ ಕಾಂಕ್ರೀಟಿನ ಆಸರೆಯನ್ನೂ ಕೊಟ್ಟರು. ಕೃಷ್ಣೆಯ ಉಪನದಿಗೆ ಕಟ್ಟಿದ ಆ ಕಟ್ಟೆ ಇಂದಿಗೂ ನೀರು ಹಿಡಿದಿದೆ. ಇದರಿಂದ ಮನೆಯವರು ಕಲಿಯಬೇಕಾದ್ದು ಎರಡು. ಸರಿಯಾಗಿ ಬೆರೆತ ರೆಸಿನ್ ಬಿರುಕಿನೊಳಗೆ ಹೋಗಿ ಕಾಂಕ್ರೀಟನ್ನು ನಿಜಕ್ಕೂ ಕೂಡಿಸಬಲ್ಲದು. ಆದರೆ ಬಿರುಕು ಯಾಕೆ ಬಂತೆಂಬುದನ್ನು ಅದು ಸರಿಪಡಿಸುವುದಿಲ್ಲ, ಅದಕ್ಕೆ ಎಂಜಿನಿಯರ್ ಬೇಕು. ತೊಲೆಯಲ್ಲೋ ಕಂಬದಲ್ಲೋ ಬಿರುಕು ಕಂಡರೆ ಡಬ್ಬಿ ತರುವ ಮೊದಲು ಅವರನ್ನು ಕರೆಯಿರಿ.

ತೂಕವೋ, ಮಗ್ಗಿನ ಅಳತೆಯೋ

ಡಬ್ಬಿಯ ಮೇಲೆ ‘2:1’ ಎಂದು ಬರೆದಿದ್ದರೆ ಮೊದಲು ಹುಡುಕಬೇಕಾದ್ದು, ಅದು ತೂಕದ ಲೆಕ್ಕವೋ ಪ್ರಮಾಣದ ಲೆಕ್ಕವೋ ಎಂಬುದನ್ನು. ಎರಡೂ ಒಂದಲ್ಲ. ಬೆರಕೆ ಇಲ್ಲದ ಎಪಾಕ್ಸಿ ರೆಸಿನ್ ನೀರಿಗಿಂತ ಭಾರ, ಲೀಟರಿಗೆ ಸುಮಾರು 1.15 ಕಿಲೊ. ಹಾರ್ಡನರ್ ಹೆಚ್ಚಾಗಿ ನೀರಿಗಿಂತ ತುಸು ಹಗುರ, ಲೀಟರಿಗೆ 0.97 ಕಿಲೊದ ಆಸುಪಾಸು.

ತೂಕದ ಲೆಕ್ಕದಲ್ಲಿ 2:1 ಇರುವ ಮಾಲನ್ನು ನೀವು ಮಗ್ಗಿನಲ್ಲಿ ಅಳೆದಿರಿ ಎನ್ನಿ. ಎರಡು ಮಗ್ಗು ರೆಸಿನ್, ಒಂದು ಮಗ್ಗು ಹಾರ್ಡನರ್. ತೂಗಿ ನೋಡಿದರೆ ಅದು ನೂರಕ್ಕೆ 42 ಆಗಿರುತ್ತದೆ. ಬೇಕಾದದ್ದು ನೂರಕ್ಕೆ 50. ಹಾರ್ಡನರ್ ಶೇ 16ರಷ್ಟು ಕಡಿಮೆಯಾಯಿತು. ಬಣ್ಣ ಅಥವಾ ಸಿಲಿಕಾ ಪುಡಿ ತುಂಬಿದ ರೆಸಿನ್ ಆದರೆ ಅದರ ಭಾರ ಇನ್ನೂ ಹೆಚ್ಚು, ಅಳತೆಯ ತಪ್ಪೂ ಅಷ್ಟೇ ದೊಡ್ಡದು.

ಆದಷ್ಟು ಮಟ್ಟಿಗೆ ಪೂರ್ತಿ ಸೆಟ್ಟನ್ನೇ ಒಮ್ಮೆಗೆ ಕಲಸಿ. ಕಂಪನಿಯವರು ಎರಡು ಡಬ್ಬಿಯನ್ನೂ ಜೋಡಿಯ ಲೆಕ್ಕಕ್ಕೇ ತುಂಬಿರುತ್ತಾರೆ. ದೊಡ್ಡ ಸೆಟ್ಟು ತಂದು ಬಿಡಿಬಿಡಿಯಾಗಿ ಬಳಸುವ ಬದಲು ಅಷ್ಟೇ ಮಾಲಿಗೆ ಚಿಕ್ಕ ಸೆಟ್ಟುಗಳು ಸಿಗುತ್ತವೆಯೇ ಕೇಳಿ. ಬಿಡಿಯಾಗಿ ಕಲಸಲೇಬೇಕಾದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಗ್ರಾಂ ತೋರಿಸುವಂಥದ್ದಿರಲಿ. ಕೆಲಸ ಮುಗಿದ ಮೇಲೆ ಮಾತ್ರ ಅದು ಅಡುಗೆಮನೆಗೆ ವಾಪಸು ಹೋಗಬಾರದು.

ಲೆಕ್ಕ ಸುಲಭ. ರೆಸಿನ್ 4 ಕಿಲೊ, ಹಾರ್ಡನರ್ 1 ಕಿಲೊದ ಸೆಟ್ಟು, ನಿಮಗೆ ಬೇಕಾದ್ದು ಒಟ್ಟು ಒಂದೂವರೆ ಕಿಲೊ. ಐದು ಪಾಲಿನಲ್ಲಿ ನಾಲ್ಕು ರೆಸಿನ್: 1,200 ಗ್ರಾಂ. ಒಂದು ಪಾಲು ಹಾರ್ಡನರ್: 300 ಗ್ರಾಂ. ಖಾಲಿ ಬಕೆಟ್ಟನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ರೆಸಿನ್ ಸುರಿದು, ಮತ್ತೆ ಸೊನ್ನೆ ಮಾಡಿ ಹಾರ್ಡನರ್ ಸುರಿಯಿರಿ. ಅಂಕಿಗಳನ್ನು ಕಲಸುವ ಮೊದಲೇ ಗೋಡೆಗೋ ರಟ್ಟಿಗೋ ಬರೆದಿಡಿ. ಕೈಗೆ ರೆಸಿನ್ ಮೆತ್ತಿಕೊಂಡ ಮೇಲೆ ಲೆಕ್ಕ ಮಾಡಲು ಹೋದರೆ ತಪ್ಪುತ್ತದೆ.

ಎಷ್ಟು ಮಾಲು ಬೇಕೆಂಬುದಕ್ಕೂ ಒಂದು ನೇರ ಲೆಕ್ಕವಿದೆ. ಆರಿಹೋಗುವ ಅಂಶವಿಲ್ಲದ ರೆಸಿನ್ ಒಂದು ಲೀಟರನ್ನು ಒಂದು ಚದರ ಮೀಟರಿಗೆ ಹರಡಿದರೆ ಒಂದು ಮಿಲಿಮೀಟರ್ ದಪ್ಪವಾಗುತ್ತದೆ. ಕಾಲು ಮಿಲಿಮೀಟರ್ ಪದರ ಬೇಕಾದರೆ ಒಂದು ಲೀಟರಿಗೆ ನಾಲ್ಕು ಚದರ ಮೀಟರ್. ನೂರು ಚದರಡಿ ನೆಲಕ್ಕೆ ಸುಮಾರು 2.3 ಲೀಟರ್. ನೆಲ ಒರಟಾಗಿದ್ದರೆ ಇನ್ನೂ ಹೆಚ್ಚು. ಅದಕ್ಕಿಂತ ತೀರಾ ಕಡಿಮೆ ಮಾಲಿನಲ್ಲಿ ಮುಗಿಸಿಕೊಡುತ್ತೇನೆ ಎಂದವರು ಪದರ ತೆಳುವಾಗಿಸುತ್ತಾರೆ, ಇಲ್ಲವೇ ಥಿನ್ನರ್ ಬೆರೆಸುತ್ತಾರೆ.

ಬಕೆಟ್ಟಿನೊಳಗೆ

ಬೇಕಾಗುವ ಸಾಮಾನು ಇಷ್ಟು: ಒಣಗಿದ, ಬುಡ ಚಪ್ಪಟೆಯಾದ ಎರಡು ಬಕೆಟ್ಟು, ನಿಧಾನಕ್ಕೆ ತಿರುಗುವ ಡ್ರಿಲ್ ಮಶಿನ್, ಅದಕ್ಕೆ ಕಲಸುವ ಪ್ಯಾಡಲ್, ಚಪ್ಪಟೆ ಕರಣೆ ಅಥವಾ ಪುಟ್ಟಿ ಪಟ್ಟಿ, ತಕ್ಕಡಿ, ಗಡಿಯಾರ.

1. ರೆಸಿನ್ ಡಬ್ಬಿಯೊಂದನ್ನೇ ಮೊದಲು ಕಲಸಿ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಡಬ್ಬಿಯಲ್ಲಿ ಬಣ್ಣ, ಪುಡಿ ತಳಕ್ಕಿಳಿದಿರುತ್ತದೆ. ತಳವನ್ನು ಪಟ್ಟಿಯಿಂದ ಕೆರೆದು ಮೇಲೆತ್ತಿ. ಹಾಗೆ ಮಾಡದೆ ಮೇಲಿನದನ್ನಷ್ಟೇ ಬಗ್ಗಿಸಿಕೊಂಡರೆ ತೂಕ ಸರಿಯಿದ್ದೂ ಅಳತೆ ತಪ್ಪುತ್ತದೆ.

2. ಹಾರ್ಡನರನ್ನು ರೆಸಿನ್‌ಗೆ ಸುರಿಯಿರಿ. ಡಬ್ಬಿಯ ಗೋಡೆಗೆ ಅಂಟಿದ್ದನ್ನೂ ಬಳಿದು ಹಾಕಿ. ಚಿಕ್ಕ ಡಬ್ಬಿಯಲ್ಲಿ ಬಳಿಯದೆ ಉಳಿದ ಎರಡು ಚಮಚ ಕೂಡ ದೊಡ್ಡ ವ್ಯತ್ಯಾಸ ಮಾಡುತ್ತದೆ.

3. ನಿಮಿಷಕ್ಕೆ 300ರಿಂದ 400 ಸುತ್ತಿನ ವೇಗದಲ್ಲಿ ಮೂರು ನಿಮಿಷ ಕಲಸಿ. ಪ್ಯಾಡಲ್ ತಳದಲ್ಲೇ ಇರಲಿ. ವೇಗ ಹೆಚ್ಚಿಸಿದರೆ, ಪ್ಯಾಡಲನ್ನು ಮೇಲೆ ಕೆಳಗೆ ಆಡಿಸಿದರೆ ಗಾಳಿ ಸೇರಿ ಪದರದಲ್ಲಿ ಸೂಜಿಮೊನೆಯ ತೂತುಗಳು ಬೀಳುತ್ತವೆ. ಕಟ್ಟಿಗೆ ತುಂಡಿನಿಂದ ಕಲಸುವುದು ಅಂಗೈಯಷ್ಟು ಮಾಲಿಗೆ ಸರಿ, ಬಕೆಟ್ಟಿಗಲ್ಲ.

4. ಮಶಿನ್ ನಿಲ್ಲಿಸಿ ಬಕೆಟ್ಟಿನ ಗೋಡೆ, ತಳದ ಅಂಚು, ಪ್ಯಾಡಲ್‌ನ ಕಡ್ಡಿಗಳನ್ನು ಪಟ್ಟಿಯಿಂದ ಬಳಿಯಿರಿ. ತಳದ ಅಂಚಿನ ಮೂಲೆಗೆ ಪ್ಯಾಡಲ್ ತಲುಪುವುದೇ ಇಲ್ಲ. ಅಲ್ಲಿ ಉಳಿಯುವುದು ಹಸಿ ರೆಸಿನ್.

5. ಪೂರ್ತಿ ಮಾಲನ್ನು ಎರಡನೆಯ ಒಣ ಬಕೆಟ್ಟಿಗೆ ಸುರಿದು ಮತ್ತೊಂದು ನಿಮಿಷ ಕಲಸಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಬೇರೆಲ್ಲ ಗಟ್ಟಿಯಾದ ನೆಲದಲ್ಲಿ ಅಲ್ಲಲ್ಲಿ ತಟ್ಟೆಯಗಲದ ಅಂಟು ಕಲೆಗಳು ಉಳಿದಿದ್ದರೆ ಕಾರಣ ಇಲ್ಲೇ ಇರುತ್ತದೆ: ಮೊದಲ ಬಕೆಟ್ಟನ್ನು ನೆಲದ ಮೇಲೆ ಬೋರಲು ಹಾಕಿ ಕೊನೆಯ ಹನಿಯವರೆಗೆ ಇಳಿಸಿದ್ದಾರೆ. ಗೋಡೆಗೆ ಅಂಟಿದ, ಬೆರೆಯದ ಮಾಲು ಅಲ್ಲಿ ಇಳಿದಿದೆ.

6. ಬಣ್ಣ ನೋಡಿ. ಬೆಳಕಿಗೆ ಹಿಡಿದಾಗ ಎಳೆಎಳೆಯಾಗಿ ಕಾಣಬಾರದು. ಎಂ-ಸೀಲ್ ನಾದಿದವರಿಗೆ ಇದು ಗೊತ್ತು: ಎರಡು ಬಣ್ಣ ಹೋಗಿ ಒಂದೇ ಬಣ್ಣವಾಗುವ ತನಕ ಬಿಡುವಂತಿಲ್ಲ. ಎರಡೂ ಡಬ್ಬಿ ಬಣ್ಣವಿಲ್ಲದ ದ್ರವವಾಗಿದ್ದರೆ ಕಣ್ಣನ್ನು ನಂಬಬೇಡಿ, ಗಡಿಯಾರ ನಂಬಿ.

7. ಸಿಲಿಕಾ ಮರಳು ಸೇರಿಸುವುದಿದ್ದರೆ ಎರಡೂ ದ್ರವ ಬೆರೆತ ಮೇಲೆ. ಮರಳು ಪೂರ್ತಿ ಒಣಗಿರಬೇಕು.

ಪಾಲಿಯುರೆಥೇನ್ ಆದರೆ ಇನ್ನೊಂದು ಎಚ್ಚರ. ಅದರ ಹಾರ್ಡನರ್ ಆದ ಐಸೊಸಯನೇಟಿನ ಡಬ್ಬಿಗೆ ನೀರೆಂದರೆ ಆಗದು. ನೀರಿನೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಪದರ ನೊರೆನೊರೆಯಾಗುತ್ತದೆ. ತೊಳೆದ ಬಕೆಟ್ಟು ಒಣಗುವ ಮೊದಲೇ ಬಳಸಬೇಡಿ, ಡಬ್ಬಿ ಬಗ್ಗಿಸಿದೊಡನೆ ಮುಚ್ಚಳ ಹಾಕಿ. ಅಂಗಡಿಯಲ್ಲೇ ಮುಚ್ಚಳ ಉಬ್ಬಿದ ಡಬ್ಬಿ ಕಂಡರೆ ತೆಗೆದುಕೊಳ್ಳಬೇಡಿ. ಒಳಗೆ ತೇವ ಸೇರಿ ಅನಿಲ ಕಟ್ಟಿರುತ್ತದೆ.

ನಾಸಿಕ್‌ನ ಬೆಳಗು, ಸಂಭಾಜಿನಗರದ ಮಧ್ಯಾಹ್ನ

ಎರಡು ಊರುಗಳ ನಡುವೆ ಇನ್ನೂರು ಕಿಲೊಮೀಟರೂ ಇಲ್ಲ. ಆದರೆ ಡಿಸೆಂಬರ್‌ನಲ್ಲಿ ನಾಸಿಕ್‌ನ ರಾತ್ರಿಯ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಪಕ್ಕದ ನಿಫಾಡಿನಲ್ಲಿ ಇನ್ನೂ ಕಡಿಮೆ, ದ್ರಾಕ್ಷಿ ಬೆಳೆಗಾರರು ತೋಟದಲ್ಲಿ ಬೆಂಕಿ ಹಾಕಿ ಬಳ್ಳಿ ಉಳಿಸಿಕೊಳ್ಳುತ್ತಾರೆ. ಸಂಭಾಜಿನಗರದಲ್ಲಿ ಮೇ ತಿಂಗಳ ಹಗಲು ನಲವತ್ತು ದಾಟುತ್ತದೆ, ಬಿಸಿಲಿಗೆ ಕಾದ ಸ್ಲ್ಯಾಬಿನ ಮೇಲೆ ಬರಿಗಾಲಿಡಲಾಗದು. ಡಬ್ಬಿಯ ಮೇಲಿನ ಸೂಚನೆ ಬರೆದಿರುವುದು ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕಕ್ಕೆ.

ಕಲಸಿದ ಮಾಲು ಹಚ್ಚಲು ಬರುವಷ್ಟು ಹೊತ್ತಿಗೆ ಪಾಟ್ ಲೈಫ್ ಎನ್ನುತ್ತಾರೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಅದು ಹೆಚ್ಚುಕಡಿಮೆ ಅರ್ಧವಾಗುತ್ತದೆ, ಹತ್ತು ಇಳಿದರೆ ಇಮ್ಮಡಿ. 25 ಡಿಗ್ರಿಯಲ್ಲಿ 40 ನಿಮಿಷ ತಾಳುವ ಮಾಲು 35ರಲ್ಲಿ 20 ನಿಮಿಷ, 15ರಲ್ಲಿ 80 ನಿಮಿಷ. ಇದು ಅಂದಾಜು ಲೆಕ್ಕವಾದರೂ ಕೆಲಸ ಹಂಚಿಕೊಳ್ಳಲು ಸಾಕು.

ಬಕೆಟ್ಟಿನಲ್ಲಿರುವ ಮಾಲಿನ ರಾಶಿಯೂ ಲೆಕ್ಕಕ್ಕೆ ಬರುತ್ತದೆ. ಎಪಾಕ್ಸಿ ಕೂಡಿಕೊಳ್ಳುವಾಗ ಬಿಸಿ ಹುಟ್ಟುತ್ತದೆ. ಬಕೆಟ್ಟಿನ ನಡುವಿನ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ, ಆ ಬಿಸಿಯೇ ಕ್ರಿಯೆಯನ್ನು ಇನ್ನಷ್ಟು ಅವಸರಿಸುತ್ತದೆ. ನೋಡನೋಡುತ್ತಿದ್ದಂತೆ ಬಕೆಟ್ಟು ಮುಟ್ಟಲಾಗದಷ್ಟು ಕಾದು, ಹೊಗೆ ಎದ್ದು, ಒಳಗಿನದೆಲ್ಲ ಕಲ್ಲಾಗುತ್ತದೆ. ಅದೇ ಮಾಲನ್ನು ನೆಲದ ಮೇಲೆ ಸುರಿದು ಹರಡಿದರೆ ಬಿಸಿ ಕಾಂಕ್ರೀಟಿಗೆ ಇಳಿದು ಹೆಚ್ಚು ಹೊತ್ತು ತಾಳುತ್ತದೆ. ಆದ್ದರಿಂದ ಬೇಸಗೆಯಲ್ಲಿ ಒಮ್ಮೆಗೆ ಎರಡು ಕಿಲೊ ಮೀರದಂತೆ ಕಲಸಿ, ಕಲಸಿದೊಡನೆ ನೆಲಕ್ಕೆ ಸುರಿದು ರೋಲರ್ ಆಡಿಸಿ. ಹೊಗೆಯಾಡುವ ಬಕೆಟ್ಟನ್ನು ಹಿಡಿಯ ಭಾಗದಿಂದ ಎತ್ತಿ ಬಯಲಿಗಿಡಿ, ಬಗ್ಗಿ ಮೂಸಬೇಡಿ.

ಬೇಸಗೆಗೆ ಹೊತ್ತು ಆರಿಸುವಾಗ ಇನ್ನೊಂದು ವಿಷಯ. ಬೆಳಿಗ್ಗೆ ತಂಪಾಗಿದೆಯೆಂದು ಹಚ್ಚಿದರೆ, ಬಿಸಿಲೇರಿದಂತೆ ಕಾಂಕ್ರೀಟಿನ ರಂಧ್ರಗಳಲ್ಲಿನ ಗಾಳಿ ಹಿಗ್ಗಿ ಹಸಿ ಪದರವನ್ನು ತಳ್ಳಿಕೊಂಡು ಮೇಲೆದ್ದು ಗುಳ್ಳೆ, ತೂತು ಮಾಡುತ್ತದೆ. ಸಂಜೆ ಸ್ಲ್ಯಾಬು ಆರುತ್ತಿರುವಾಗ ಹಚ್ಚಿದರೆ ಗಾಳಿ ಕುಗ್ಗಿ ಪ್ರೈಮರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸಂಭಾಜಿನಗರದಲ್ಲಿ, ಹಾಗೆಯೇ ಕಲಬುರಗಿ, ರಾಯಚೂರಿನಲ್ಲಿ ಬೇಸಗೆಯ ಪ್ರೈಮರ್ ಕೆಲಸಕ್ಕೆ ಸಂಜೆ ಐದರ ಮೇಲೆಯೇ ಸರಿ. ಡಬ್ಬಿಗಳನ್ನು ಹಗಲೆಲ್ಲ ನೆರಳಲ್ಲಿಡಿ, ಮೇಲೆ ಒದ್ದೆ ಗೋಣಿ ಹೊದಿಸಿದರೂ ಸರಿ. ಮುಚ್ಚಳ ಮಾತ್ರ ಭದ್ರವಾಗಿರಲಿ.

ಚಳಿಗಾಲದ ತೊಂದರೆ ಬೇರೆ ಬಗೆಯದು. ರೆಸಿನ್ ಮಂದವಾಗಿ ಪ್ಯಾಡಲ್‌ಗೆ ಅಡ್ಡಬರುತ್ತದೆ. ಕೆಲವೊಮ್ಮೆ ಚಳಿಗೆ ಜೇನುತುಪ್ಪ ಹರಳುಗಟ್ಟುವ ಹಾಗೆ ಬೆಳ್ಳಗೆ ಕಾಳುಕಟ್ಟುತ್ತದೆ. ಮಾಲು ಕೆಟ್ಟಿಲ್ಲ. ಮುಚ್ಚಳ ಹಾಕಿದ ಡಬ್ಬಿಯನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಕಾಳು ಕರಗಿದ ಮೇಲೆ ಕೋಣೆಯ ಉಷ್ಣಾಂಶಕ್ಕೆ ತಂದು ಬಳಸಿ. ಒಲೆಯ ಮೇಲೆ ಇಡಬೇಡಿ. ಥಿನ್ನರ್ ಸುರಿದು ತೆಳು ಮಾಡಬೇಡಿ. ಅದು ಪದರದೊಳಗೆ ಸಿಕ್ಕಿಬಿದ್ದು ನಿಧಾನವಾಗಿ ಹೊರಬೀಳುತ್ತ ಪದರವನ್ನು ಕುಗ್ಗಿಸುತ್ತದೆ, ಮೆತ್ತಗಾಗಿಸುತ್ತದೆ.

ಇಬ್ಬನಿ ಎರಡನೆಯ ಶತ್ರು. ಗಾಳಿ 14 ಡಿಗ್ರಿ, ತೇವಾಂಶ ಶೇ 85 ಇರುವ ಬೆಳಗಿನಲ್ಲಿ 11.5 ಡಿಗ್ರಿಗೆ ತಣಿದ ಯಾವುದೇ ಮೇಲ್ಮೈಯಲ್ಲಿ ಇಬ್ಬನಿ ಕೂರುತ್ತದೆ. ರಾತ್ರಿಯೆಲ್ಲ ಆಕಾಶಕ್ಕೆ ತೆರೆದುಕೊಂಡ ಗಚ್ಚಿ ಗಾಳಿಗಿಂತಲೂ ತಣ್ಣಗಿರುತ್ತದೆ. ಕಣ್ಣಿಗೆ ಒಣಗಿದಂತೆ ಕಂಡರೂ ತೇವದ ಪೊರೆ ಇದ್ದೇ ಇರುತ್ತದೆ. ನೆಲದ ಉಷ್ಣಾಂಶ ಇಬ್ಬನಿ ಕೂರುವ ಮಟ್ಟಕ್ಕಿಂತ ಕನಿಷ್ಠ ಮೂರು ಡಿಗ್ರಿ ಮೇಲಿರಬೇಕು ಎಂಬುದು ಕೋಟಿಂಗ್ ಕೆಲಸದ ನಿಯಮ. ಹಸಿ ಎಪಾಕ್ಸಿಯ ಮೇಲೆ ರಾತ್ರಿ ಇಬ್ಬನಿ ಬಿದ್ದರೆ ಅಮೈನ್, ತೇವ, ಗಾಳಿಯ ಇಂಗಾಲದ ಡೈಆಕ್ಸೈಡ್ ಕೂಡಿ ಮೇಲೆ ಜಿಡ್ಡಿನಂಥ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸದೆ ಮುಂದಿನ ಪದರ ಹಚ್ಚಿದರೆ ಸಿಪ್ಪೆಯಂತೆ ಏಳುತ್ತದೆ. ಹಾಗಾಗಿ ನಾಸಿಕ್‌ನಲ್ಲೂ ಸಂಭಾಜಿನಗರ ಜಿಲ್ಲೆಯ ಕನ್ನಡ ಎಂಬ ಊರಿನ ಘಾಟಿನ ಆಸುಪಾಸಿನ ಮಂಜಿನ ಊರುಗಳಲ್ಲೂ ಡಿಸೆಂಬರ್, ಜನವರಿಯಲ್ಲಿ ಹಚ್ಚುವ ಕೆಲಸ ಹನ್ನೊಂದರಿಂದ ಎರಡರೊಳಗೆ ಮುಗಿಯಲಿ. ಹತ್ತು ಡಿಗ್ರಿಗಿಂತ ಕೆಳಗೆ ಹೆಚ್ಚಿನ ಎಪಾಕ್ಸಿಗಳು ಕೂಡಿಕೊಳ್ಳುವುದು ತೀರಾ ನಿಧಾನ. ಚಳಿಗಾಲಕ್ಕೆಂದೇ ಬೇರೆ ಹಾರ್ಡನರ್ ಇರುವ ಸೆಟ್ಟುಗಳು ಸಿಗುತ್ತವೆ, ಬೇಕಾದರೆ ಅದನ್ನೇ ಕೇಳಿ ತನ್ನಿ. ಅಕ್ಟೋಬರ್ ಕೊನೆಯಿಂದ ನವೆಂಬರ್, ಮತ್ತೆ ಫೆಬ್ರುವರಿಯಿಂದ ಮಾರ್ಚ್ ಮೊದಲ ಭಾಗ ಎರಡೂ ಊರಿಗೆ ಹದವಾದ ಕಾಲ.

ಪುಡಿ-ದ್ರವದ ಜೋಡಿ

ಇಲ್ಲಿ ಕ್ರಮ ಬದಲಾಗುತ್ತದೆ. ದ್ರವವನ್ನು ಬಕೆಟ್ಟಿಗೆ ಮೊದಲು ಸುರಿದು, ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ಕಲಸಬೇಕು. ಪುಡಿಗೆ ದ್ರವ ಸುರಿದರೆ ಒಳಗೆ ಒಣಪುಡಿ ಉಳಿದ ಗಂಟುಗಳಾಗುತ್ತವೆ. ಮೂರರಿಂದ ಐದು ನಿಮಿಷ ಕಲಸಿ, ಎರಡು ಮೂರು ನಿಮಿಷ ಹಾಗೇ ಬಿಡಿ, ಮತ್ತೆ ಒಂದು ಸಲ ತಿರುವಿ. ಬಿಟ್ಟ ಹೊತ್ತಿನಲ್ಲಿ ಪುಡಿ ಪೂರ್ತಿ ನೆನೆಯುತ್ತದೆ, ಗಾಳಿ ಹೊರಬರುತ್ತದೆ.

ಗಟ್ಟಿಯಾಗುತ್ತಿದೆ ಎಂದು ನೀರು ಚಿಮುಕಿಸುವುದು ಇಲ್ಲಿನ ಮಾಮೂಲು ತಪ್ಪು. ಸಿಮೆಂಟ್ ಹಿಡಿಯಲು ಶುರುಮಾಡಿದ ಮೇಲೆ ನೀರು ಹಾಕಿದರೆ ಮೆತ್ತಗಾದಂತೆ ಕಾಣುತ್ತದೆ, ಬಲ ಹೋಗಿರುತ್ತದೆ. ಅರ್ಧ ತಾಸಿನಲ್ಲಿ ಬಳಸಲಾಗುವಷ್ಟೇ ಕಲಸಿ, ಉಳಿದದ್ದನ್ನು ಎಸೆಯಿರಿ. ಮನೆಯಲ್ಲಿ ಮಿಕ್ಕ ಸಿಮೆಂಟನ್ನು ಕಂಪನಿಯ ಪುಡಿಯ ಬದಲು ಹಾಕುವುದೂ ಬೇಡ.

ನೆಲದ ತಯಾರಿಯೂ ತಿರುಗುಮುರುಗು. ಎಪಾಕ್ಸಿ, ಪಾಲಿಯುರೆಥೇನ್‌ಗೆ ನೆಲ ಒಣಗಿರಬೇಕು. ಹೊಸ ಕಾಂಕ್ರೀಟಿಗೆ 28 ದಿನ ಕಳೆದಿರಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ, 16 ತಾಸಿನ ಮೇಲೆ ಎತ್ತಿ ನೋಡಿ. ಕೆಳಗೆ ಬೆವರಿದ್ದರೆ, ಕಾಂಕ್ರೀಟು ಕಪ್ಪಾಗಿದ್ದರೆ ಇನ್ನೂ ಕಾಯಿರಿ. ಪುಡಿ-ದ್ರವಕ್ಕೆ ಮಾತ್ರ ನೆಲ ನೀರು ಕುಡಿದು ಒದ್ದೆಯಾಗಿರಬೇಕು, ಆದರೆ ಮೇಲೆ ನೀರು ನಿಂತಿರಬಾರದು. ಎರಡಕ್ಕೂ ಸಮಾನವಾದದ್ದು: ಧೂಳು, ಪಾಚಿ, ಹಳೆಯ ಬಣ್ಣ, ಸಿಮೆಂಟಿನ ಹಾಲು ಉಜ್ಜಿ ತೆಗೆದಿರಬೇಕು. ಗೋಡೆ-ನೆಲ ಕೂಡುವ ಮೂಲೆಯಲ್ಲಿ ದುಂಡಗೆ ವಾಟಾ ಕಟ್ಟಿ, ಅದರ ಮೇಲೆ ಗಾಜುನಾರಿನ ಜಾಳಿಗೆ ಹಾಸಿ ಪದರ ಹಚ್ಚಬೇಕು. ಎರಡನೆಯ ಪದರವನ್ನು ಮೊದಲನೆಯದಕ್ಕೆ ಅಡ್ಡಲಾಗಿ ಎಳೆಯಬೇಕು.

ಕೈ, ಕಣ್ಣು, ಉಸಿರು

ಎಪಾಕ್ಸಿಯ ಹಾರ್ಡನರ್ ಚರ್ಮಕ್ಕೆ ತಾಗುತ್ತಿದ್ದರೆ ಒಂದು ದಿನ ಅಲರ್ಜಿ ಶುರುವಾಗಬಹುದು. ಒಮ್ಮೆ ಬಂದರೆ ಹೋಗುವುದು ಕಷ್ಟ, ಆಮೇಲೆ ಆ ಕೆಲಸವನ್ನೇ ಬಿಡಬೇಕಾಗಬಹುದು. ಐಸೊಸಯನೇಟ್ ಉಸಿರಿನೊಡನೆ ಹೋದರೆ ಅಸ್ತಮಾ ಹಿಡಿಯುವ ಅಪಾಯ. ನೈಟ್ರೈಲ್ ಕೈಗವಸು, ಕನ್ನಡಕ, ತುಂಬು ತೋಳಿನ ಅಂಗಿ ಗೌಂಡಿಗೂ ಇರಲಿ, ನಿಮಗೂ ಇರಲಿ. ಮೈಗೆ ತಾಗಿದ್ದನ್ನು ಥಿನ್ನರಿನಿಂದ ಒರೆಸಿದರೆ ಅದು ಚರ್ಮದೊಳಗೆ ಇನ್ನೂ ಸುಲಭವಾಗಿ ಇಳಿಯುತ್ತದೆ. ಒಣಬಟ್ಟೆಯಿಂದ ಒರೆಸಿ ಸೋಪು ನೀರಿನಲ್ಲಿ ತೊಳೆಯಿರಿ.

ಸಂಪು, ಟ್ಯಾಂಕಿನೊಳಗೆ ಒಬ್ಬರನ್ನೇ ಇಳಿಸಬೇಡಿ. ಸಾಲ್ವೆಂಟ್ ಇರುವ ಪ್ರೈಮರಿನ ಆವಿ ತಳದಲ್ಲಿ ಕಟ್ಟಿಕೊಂಡು ಪ್ರಜ್ಞೆ ತಪ್ಪಿಸುತ್ತದೆ, ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಬ್ಲೋವರ್‌ನಿಂದ ತಾಜಾ ಗಾಳಿ ಒಳಗೆ ಹೋಗುತ್ತಿರಬೇಕು, ಬಾಯಿಯ ಬಳಿ ಇನ್ನೊಬ್ಬ ನಿಂತಿರಬೇಕು. ಒಳಗಿದ್ದವನು ಬಿದ್ದರೆ ಹಿಂದೆಯೇ ಧುಮುಕುವುದಲ್ಲ, ಸೊಂಟಕ್ಕೆ ಮೊದಲೇ ಕಟ್ಟಿದ ಹಗ್ಗದಿಂದ ಎಳೆಯಬೇಕು. ಮಿಕ್ಕ ಮಾಲನ್ನು ಗಟಾರಕ್ಕೆ ಸುರಿಯಬೇಡಿ. ಎರಡನ್ನೂ ಕಲಸಿ ಬಯಲಲ್ಲಿ ಗಟ್ಟಿಯಾಗಲು ಬಿಟ್ಟು ಆಮೇಲೆ ಕಸಕ್ಕೆ ಹಾಕಿ.

ತಪ್ಪಾಗಿದ್ದರೆ

ಮರುದಿನವೂ ಇಡೀ ನೆಲ ಅಂಟುತ್ತಿದ್ದರೆ, ಚಳಿಯ ಕಾರಣವೋ ನೋಡಲು ಇನ್ನೆರಡು ದಿನ ಕಾಯಿರಿ. ಆಮೇಲೂ ಅಂಟಿದರೆ ಅಳತೆ ತಪ್ಪಿದೆ. ಮೇಲೆ ಇನ್ನೊಂದಿಷ್ಟು ಹಾರ್ಡನರ್ ಬಳಿಯುವುದರಿಂದ ಸರಿಹೋಗುವುದಿಲ್ಲ, ಕೆರೆದು ತೆಗೆಯುವುದೊಂದೇ ದಾರಿ. ಅಲ್ಲಲ್ಲಿ ಮಾತ್ರ ಅಂಟಿದರೆ ಕಲಸಿದ್ದು ಸಾಲದು. ಅಷ್ಟು ಭಾಗ ಕೆರೆದು, ಸುತ್ತ ಮರಳುಕಾಗದ ತಿಕ್ಕಿ ಮತ್ತೆ ಹಚ್ಚಿ. ಸೂಜಿತೂತು ಕಂಡರೆ ಗಾಳಿ ಸೇರಿದೆ ಅಥವಾ ಬಿಸಿಲೇರುವ ಹೊತ್ತಿನಲ್ಲಿ ಹಚ್ಚಿದ್ದಾರೆ. ತಿಕ್ಕಿ ಇನ್ನೊಂದು ಪದರ ಕೊಟ್ಟರೆ ಮುಚ್ಚುತ್ತವೆ. ಪದರ ಹಾಳೆಯಂತೆ ಎದ್ದುಬಂದರೆ ಅದರ ಹಿಂಬದಿ ನೋಡಿ. ಧೂಳು ಮೆತ್ತಿದ್ದರೆ ನೆಲ ತೊಳೆದಿಲ್ಲ, ತೇವವಿದ್ದರೆ ಒಣಗಿಸಿಲ್ಲ.

ಕಂಟ್ರಾಕ್ಟರ್ ಜೊತೆ ಮಾತಾಡುವಾಗ

ಕೆಲಸ ಒಪ್ಪಿಸುವ ಮೊದಲೇ ಕಾಗದದ ಮೇಲೆ ಬರಬೇಕಾದ್ದು: ಮಾಲಿನ ಹೆಸರು, ಎಷ್ಟು ಸೆಟ್ಟು, ಎಷ್ಟು ಪದರ, ಥಿನ್ನರ್ ಹಾಕುವಂತಿಲ್ಲ ಎಂಬ ಮಾತು. ಡಬ್ಬಿಗಳು ಸೀಲು ಒಡೆಯದೆ ಮನೆಗೆ ಬರಲಿ, ನಿಮ್ಮ ಎದುರಿಗೇ ತೆರೆಯಲಿ. ತಯಾರಾದ ತಿಂಗಳು, ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಡಿ. ಖಾಲಿ ಡಬ್ಬಿಗಳನ್ನು ಲೆಕ್ಕ ಮಾಡಿಕೊಳ್ಳುವ ತನಕ ಗುಜರಿಗೆ ಹಾಕಬೇಡಿ.

ಮೊದಲ ದಿನ ನೂರು ಗ್ರಾಂ ಮಾತ್ರ ಕಲಸಿ ಹಳೆಯ ಟೈಲ್ ಮೇಲೆ ಹರಡಿಸಿ. ಮರುದಿನ ಉಗುರು ಒತ್ತಿದರೆ ಗುರುತು ಬೀಳದಿದ್ದಲ್ಲಿ ಮುಂದುವರಿಯಲಿ. ಚಳಿಗಾಲವಾದರೆ ಎರಡು ದಿನ ಬಿಟ್ಟು ನೋಡಿ. ಮುಂದೆ ಪ್ರತಿ ಬಕೆಟ್ಟಿನಿಂದಲೂ ಒಂದು ಚಮಚದಷ್ಟನ್ನು ಕಾಗದದ ಲೋಟಕ್ಕೆ ಹಾಕಿ, ಬಕೆಟ್ಟಿನ ಸಂಖ್ಯೆ, ಹೊತ್ತು ಬರೆದಿಡಿ. ನೆಲದ ಯಾವ ಭಾಗ ಯಾವ ಬಕೆಟ್ಟಿನದೆಂದೂ ಗುರುತಿರಲಿ. ಲೋಟದಲ್ಲಿ ಗಟ್ಟಿಯಾಗದ್ದು ನೆಲದಲ್ಲೂ ಆಗಿರುವುದಿಲ್ಲ, ವಾದಕ್ಕೆ ಎಡೆಯಿರುವುದಿಲ್ಲ.

ಪದರ ಪೂರ್ತಿ ಬಲಿಯಲು, ಹೆಚ್ಚಿನ ಮಾಲುಗಳಿಗೆ, ಏಳು ದಿನ ಬೇಕು. ಆಮೇಲೆ ನೀರು ಹೊರಹೋಗುವ ಕೊಳವೆಯ ಬಾಯಿ ಮುಚ್ಚಿ, ಎಂಜಿನಿಯರ್ ಒಪ್ಪಿದಷ್ಟು ಎತ್ತರಕ್ಕೆ ನೀರು ಕಟ್ಟಿ, ಮಟ್ಟಕ್ಕೆ ಗೆರೆ ಎಳೆದು 48ರಿಂದ 72 ತಾಸು ಬಿಡಿ. ಬಿಸಿಲಿಗೆ ಆರಿದ್ದೆಷ್ಟು, ಸೋರಿದ್ದೆಷ್ಟು ಎಂದು ತಿಳಿಯಲು ಪಕ್ಕದಲ್ಲೇ ಒಂದು ಅಗಲವಾದ ಬೋಗುಣಿಯಲ್ಲೂ ನೀರಿಟ್ಟು ಗೆರೆ ಎಳೆಯಿರಿ. ಎರಡೂ ಒಂದೇ ಸಮ ಇಳಿದು, ಕೆಳಗಿನ ಛಾವಣಿಯಲ್ಲಿ ತೇವ ಕಾಣದಿದ್ದರೆ ಪದರ ಸರಿಯಾಗಿದೆ. ಕಂಟ್ರಾಕ್ಟರರ ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆಯ ಮರುದಿನಕ್ಕೇ ಇಟ್ಟುಕೊಳ್ಳಿ, ಅದಕ್ಕೂ ಮೊದಲು ಟೈಲ್ಸ್ ಹಾಕಿಸಬೇಡಿ.